ಕುದುರೆ ಬಂದಿಲ್ಲ

ಚೆಂಬೂರಿನ ಕಾಶಪ್ಪ ಹನ್ನೊಂದು ವರ್ಷಗಳಿಂದ ಒಂದು ಭಾನುವಾರವೂ ಚದುರಂಗದಲ್ಲಿ ಸೋತವನಲ್ಲ. ಹಾಗೆಂದು ಹೆಂಡತಿ ಚಂದ್ರವ್ವನಿಗೆ ಅವನೇ ಹೇಳುತ್ತ ಬಂದಿದ್ದ.

ಇದೆಲ್ಲ ಶುರುವಾದದ್ದು ಬದನೆಕಾಯಿಯಿಂದ. ರಿಟೈರಾದ ಮೊದಲ ವಾರ ಕಾಶಪ್ಪ ಕನ್ನಡ ಸಂಘದ ಮಾಳಿಗೆಗೆ ಹೋಗಿ, ಕೇಶವಮೂರ್ತಿಯವರ ಜೊತೆ ಒಂದು ಆಟ ಆಡಿ, ಹೇಗೋ ಗೆದ್ದು ಬಂದ. ಚಂದ್ರವ್ವ ಖುಷಿಪಟ್ಟು ಎಣ್ಣೆಗಾಯಿ ಮಾಡಿ ರೊಟ್ಟಿ ಬಡಿದಳು. ಎರಡನೆಯ ವಾರ ಸೋತ. ಮನೆಯ ಮೆಟ್ಟಿಲು ಹತ್ತುವಾಗ ಒಳಗಿನಿಂದ ಮತ್ತೆ ಎಣ್ಣೆಗಾಯಿಯ ವಾಸನೆ ಬಂತು. ಏನಾಯಿತೆಂದು ಅವಳು ಕೇಳಿದಳು. ಗೆದ್ದೆ ಎಂದು ಅವನ ಬಾಯಿ ಹೇಳಿಬಿಟ್ಟಿತು. ಒಮ್ಮೆ ಹೇಳಿದ ಮೇಲೆ ಮೂರನೆಯ ವಾರ ಬೇರೆ ಹೇಳುವುದು ಹೇಗೆ? ಹೀಗೆ ಅವನು ಗೆಲ್ಲುತ್ತಲೇ ಹೋದ, ಬದನೆಕಾಯಿ ಬೇಯುತ್ತಲೇ ಹೋಯಿತು.

ಬಾಯಿ ಸುಳ್ಳು ಹೇಳಿದರೂ ಅವನ ಕೈ ಮಾತ್ರ ಸುಳ್ಳು ಬರೆಯುತ್ತಿರಲಿಲ್ಲ. ಕಾಶಪ್ಪ ಸಿಂದಗಿ ಕಡೆಯವನು. ಏಳನೇ ಇಯತ್ತೆ ಮುಗಿಸಿ ಮುಂಬೈಗೆ ಬಂದು, ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಬಾಯ್ಲರ್ ನೋಡಿಕೊಂಡವನು. ಬಾಯ್ಲರಿನ ಮುಂದೆ ಕೂತವನು ಗೇಜಿನ ಮುಳ್ಳು ನೋಡಿ ಒತ್ತಡ ಎಷ್ಟು, ನೀರು ಎಷ್ಟು, ಯಾವ ವಾಲ್ವು ಎಷ್ಟು ಗಂಟೆಗೆ ತೆರೆದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಒತ್ತಡ ಏರುತ್ತಿದ್ದರೆ ಐದೈದು ನಿಮಿಷಕ್ಕೆ ಬರೆಯಬೇಕು. ಸುಳ್ಳು ಬರೆದರೆ ಬಾಯ್ಲರು ಸುಮ್ಮನಿರುವುದಿಲ್ಲ. ಆ ಅಭ್ಯಾಸ ಕೈಬಿಟ್ಟು ಹೋಗಲಿಲ್ಲ. ಚದುರಂಗ ಆಡುವಾಗಲೂ ಪಕ್ಕದಲ್ಲಿ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡು, ಯಾವ ಕಾಯಿ ಎಷ್ಟು ಗಂಟೆಗೆ ನಡೆಯಿತು ಎಂದು ಬರೆಯುತ್ತಿದ್ದ. ಕೊನೆಗೆ ಸೋತಿದ್ದರೆ ‘ಸೋತೆ’ ಎಂದೇ ಬರೆಯುತ್ತಿದ್ದ. ಹನ್ನೊಂದು ವರ್ಷದ ಆ ಸತ್ಯವೆಲ್ಲ ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ ಮಲಗಿತ್ತು.

ಈಚೆಗೆ ಚಂದ್ರವ್ವನ ತಂಗಿಯ ಮನೆಯಲ್ಲಿ, ಸಾಂತಾಕ್ರೂಜಿನಲ್ಲಿ, ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ರಮ ಇತ್ತು. ಕಾಶಪ್ಪ ಒಂದು ಆಟ ಮುಗಿಸಿ ಬರುತ್ತೇನೆಂದು ಹೋದವನು ಮಂದಿ ಉಂಡು ಎದ್ದು, ಪೆಂಡಾಲಿನವನು ಕುರ್ಚಿ ಒಯ್ದ ಮೇಲೆ ಅಲ್ಲಿಗೆ ಮುಟ್ಟಿದ. ಮರುದಿನ ಚಂದ್ರವ್ವ ರೊಟ್ಟಿ ಬಡಿಯುತ್ತ ಒಂದೇ ಉಸಿರಿಗೆ ಹೇಳಿದಳು.

"ವಾರಾ ವಾರಾ ಗೆದ್ದು ಗೆದ್ದು ಬ್ಯಾಸರ ಬರಂಗಿಲ್ಲೇನ್ರಿ ನಿಮಗ? ಸಂಘದಾಗ ಪಂದ್ಯಾ ಐತಂತಲ್ಲ, ನಾನೂ ನೋಡಾಕ ಬರ್ತೀನಿ. ಸೋಲಲಿಲ್ಲಂದ್ರ ಆಡ್ಕೋಂತ ಹೋಗ್ರಿ, ನಾ ಏನೂ ಅನ್ನಂಗಿಲ್ಲ. ಸೋತ್ರಿ, ಅವತ್ತಿಗೆ ಚದುರಂಗ ಮುಗೀತು. ಐತವಾರ ಐತವಾರ ನನ್ನ ಕೂಡ ಸಾಂತಾಕ್ರೂಜಕ್ಕ."

ಸಾಂತಾಕ್ರೂಜ್ ಎಂದರೆ ಷಡ್ಡಕ ಶ್ರೀಶೈಲ. ಅವನ ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ಒಂದೊಂದು ಮೊಣಕಾಲಿನ ಕಥೆ ಒಂದೂವರೆ ತಾಸು. ನಡುವೆ ಎಕ್ಸ್‌ರೇಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಇದು ಎಡಗಾಲು ಎನ್ನುತ್ತಿದ್ದ. ಬಂದವರು ಅದನ್ನು ಬಲಗಾಲು ಎಂದರೆ ಮೊದಲಿನಿಂದ ಶುರುಮಾಡುತ್ತಿದ್ದ. ವಾರವಾರವೂ ಸೋಲದವನು ಈ ಶರತ್ತು ಆಗುವುದಿಲ್ಲ ಎನ್ನುವುದು ಯಾವ ಬಾಯಿಂದ? ಕಾಶಪ್ಪ ಹೂಂ ಎಂದ.

ಸಂಘದ ಕಾರ್ಯದರ್ಶಿ ಧನರಾಜ್ ಉಡುಪಿ ಕಡೆಯವನು, ಉತ್ಸಾಹದ ಮನುಷ್ಯ. ಈ ಸಲದ ಪಂದ್ಯ ಗಡಿಯಾರ ಇಟ್ಟೇ ನಡೆಯಬೇಕು ಎಂದು ಎರಡು ಗುಂಡಿಯ ಒಂದು ಚೆಸ್ ಗಡಿಯಾರ ತರಿಸಿದ್ದ. ಆಡಿದವನು ತನ್ನ ಗುಂಡಿ ಒತ್ತಿದರೆ ಅವನ ಹೊತ್ತು ನಿಂತು ಎದುರಿನವನ ಹೊತ್ತು ಓಡುತ್ತದೆ. ಹೆಸರು ಕೊಟ್ಟವರು ಎಂಟು ಮಂದಿ. ಗಡಿಯಾರದ ಸುದ್ದಿ ಕೇಳಿ ನಾಲ್ವರು ಹಿಂದೆ ಸರಿದರು. ಇಬ್ಬರು ಅಂಧೇರಿಗೆ ಮದುವೆಗೆ ಹೋದರು. ಉಳಿದವರು ಕಾಶಪ್ಪ ಮತ್ತು ಕೇಶವಮೂರ್ತಿ. ಪ್ರತಿ ಭಾನುವಾರ ಆಡುವವರೂ ಅವರಿಬ್ಬರೇ. ಧನರಾಜ್ ಅದಕ್ಕೆ ‘ಫೈನಲ್’ ಎಂದು ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದ.

ಕೇಶವಮೂರ್ತಿ ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೆತ್ತಗಿನ ಮಾತು, ಇಸ್ತ್ರಿ ಮಾಡಿದ ಅಂಗಿ, ಸಕ್ಕರೆ ಕಾಯಿಲೆ. ಮೊನ್ನೆಯಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಗಂಟೆಗೊಮ್ಮೆ ಕಣ್ಣಿಗೆ ವಿಶ್ರಾಂತಿ ಕೊಡಬೇಕು ಎಂದು ಡಾಕ್ಟರು ಹೇಳಿದ್ದರು. ಮೂರು ಆಟದಲ್ಲಿ ಎರಡನ್ನು ಅವರೇ ಗೆಲ್ಲುತ್ತಿದ್ದರು.

ಪಂದ್ಯದ ದಿನ ಧನರಾಜ್ ಗಡಿಯಾರವನ್ನು ಮೇಜಿನ ಮೇಲಿಟ್ಟು, "ನೋಡಿ ಕಾಶಪ್ಪಣ್ಣ, ಒಬ್ಬೊಬ್ರಿಗೆ ಒಂದು ಗಂಟೆ ಉಂಟು. ಕಾಯಿ ನಡೆಸಿ ಆದ ಕೂಡ್ಲೆ ನಿಮ್ಮ ಬದಿಯ ಗುಂಡಿ ಒತ್ಬೇಕು. ಒತ್ಲಿಲ್ಲ ಅಂದ್ರೆ ಎಂತ ಆಗ್ತದೆ ಅಂದ್ರೆ..." ಎಂದು ಶುರುಮಾಡಿದ.

ಹಿಂದಿನ ಸಾಲಿನಲ್ಲಿ ಚಂದ್ರವ್ವ ಕೂತಿದ್ದಳು. ಅವಳೆದುರಿಗೆ ಪಾಠ ಹೇಳಿಸಿಕೊಳ್ಳುವುದು ಕಾಶಪ್ಪನಿಗೆ ಆಗಲಿಲ್ಲ. "ತಮ್ಮಾ, ಮೂವತ್ನಾಕು ವರ್ಷ ಗೇಜಿನ ಮುಂದನ ಕುಂತಾಂವ ನಾನು. ನನಗ ಗಡಿಯಾರ ಕಲಿಸ್ತಿ?" ಎಂದ. ಒತ್ತದಿದ್ದರೆ ಏನಾಗುತ್ತದೆ ಎಂಬ ಅರ್ಧ ಧನರಾಜನ ಹೊಟ್ಟೆಯಲ್ಲೇ ಉಳಿಯಿತು. ಆಮೇಲೆ ಅವನು ನೆರೆದವರ ಕಡೆ ತಿರುಗಿ, ಆಟ ನಡೆಯುವಾಗ ಯಾರೂ ತುಟಿ ಬಿಚ್ಚಬಾರದು, ಆಡುವವರನ್ನು ಮುಟ್ಟಬಾರದು, ತಪ್ಪಿದವರನ್ನು ಮೆಟ್ಟಿಲು ಇಳಿಸುತ್ತೇನೆ ಎಂದು ಗದರಿಸಿ, ಉಪ್ಪಿಟ್ಟಿನ ಏರ್ಪಾಡಿಗೆಂದು ಕೆಳಗೆ ಇಳಿದ.

ಬಾಯಿ ಮುಚ್ಚುವ ಮೊದಲು ಹಿಂದಿನ ಸಾಲಿನಲ್ಲಿ ಒಂದು ಸಣ್ಣ ಮಾತುಕತೆ ನಡೆದುಹೋಯಿತು. ಮೂರ್ತಿಯವರ ಹೆಂಡತಿ ಸುಮಿತ್ರಮ್ಮನೂ ಅವತ್ತು ಮೊದಲ ಸಲ ಬಂದಿದ್ದರು. ಚಂದ್ರವ್ವ ಅವರಿಗೆ ಸಾಂತಾಕ್ರೂಜಿನ ಶರತ್ತನ್ನು ಹೇಳಿದಳು. ಸುಮಿತ್ರಮ್ಮ ನಕ್ಕು, "ಪಾಪ, ನಿಮ್ಮನೆಯವರಿಗೆ ಕಷ್ಟಾನೇ ಬಿಡಿ. ನಮ್ಮನೆಯವರು ಪ್ರತಿ ಭಾನುವಾರ ಗೆದ್ದೇ ಬರ್ತಾರೆ" ಎಂದರು.

"ಹೌದ್ರಿ?" ಎಂದಳು ಚಂದ್ರವ್ವ. "ನಮ್ಮವರೂ ಐತವಾರಕ್ಕೊಮ್ಮೆ ಗೆದ್ದ ಬರ್ತಾರ್ರಿ."

ಇಬ್ಬರೂ ಮೇಜಿನ ಕಡೆ ನೋಡಿದರು. ಆಮೇಲೆ ಇಲ್ಲಿ ಇವರಿಬ್ಬರನ್ನು ಬಿಟ್ಟು ಇನ್ಯಾರು ಆಡುತ್ತಾರೆ ಎಂದು ಸುಮಿತ್ರಮ್ಮ ಕೇಳಿದರು. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತ ಕೂತಿದ್ದ ನೆರೆಮನೆಯ ಮಲ್ಲಕ್ಕ, "ಯಾರೂ ಇಲ್ಲವಾ" ಎಂದಳು. ಮೂರ್ತಿಯವರು ಕನ್ನಡಕ ತೆಗೆದು ಒರೆಸಿದರು. ಕಾಶಪ್ಪನ ಕಿವಿ ಬಿಸಿಯಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮಣೆಯ ಮೇಲೆ ಬಗ್ಗಿದರು. ಗಡಿಯಾರ ಹತ್ತೂವರೆಗೆ ಓಡತೊಡಗಿತು.

ಮೊದಲ ಅರ್ಧ ಗಂಟೆ ಆಟ ಹದವಾಗಿಯೇ ಇತ್ತು. ಮೂರ್ತಿಯವರು ಗುಂಡಿ ಒತ್ತಿದ್ದನ್ನು ನೋಡಿ ಕಾಶಪ್ಪನೂ ಒತ್ತಿದ. ಎರಡು ಒಂಟೆ, ಒಂದು ಕುದುರೆ, ಮಂತ್ರಿಗಳಿಬ್ಬರೂ ಹೋದರು. ಕಾಶಪ್ಪನ ರಾಜ ಮೂಲೆಯಲ್ಲಿ ಬೆಚ್ಚಗೆ ಕೂತಿದ್ದ. ಪಕ್ಕದಲ್ಲಿ ಆನೆ, ಮುಂದೆ ಇಬ್ಬರು ಪ್ಯಾದೆಗಳು, ಅವರ ಸಾಲಿನಲ್ಲೇ ಬಾಗಿಲು ಕಾಯುವ ಮೂರನೆಯ ಪ್ಯಾದೆ, ಅದರ ನೇರದಲ್ಲಿ ದೂರದಿಂದ ಅದನ್ನು ಕಾಯುವ ಇನ್ನೊಂದು ಆನೆ. ಹನ್ನೊಂದು ದಾಟಿ ಎಂಟು ನಿಮಿಷಕ್ಕೆ ಮೂರ್ತಿಯವರು ತಮ್ಮ ಕರಿ ಕುದುರೆಯನ್ನು ಜಿಗಿಸಿ ತಂದು ಆ ಸಾಲಿನೆದುರಿಗೆ ನಿಲ್ಲಿಸಿದರು. ಗುಂಡಿ ಒತ್ತಿದರು. ಸಕ್ಕರೆ ಕಾಯಿಲೆಯವರಿಗೆ ಯಾವ ಹೊತ್ತೂ ಹೊತ್ತಲ್ಲ, ಎದ್ದು ಶೌಚಾಲಯಕ್ಕೆ ಹೋದರು.

ಅದೇ ಗಳಿಗೆಗೆ ಮೆಟ್ಟಿಲ ಮೇಲೆ ಉಪ್ಪಿಟ್ಟಿನ ಪಾತ್ರೆ ಬಂತು. ನೆರೆದವರೆಲ್ಲ ಬಾಗಿಲ ಕಡೆ ಎದ್ದರು. ಕೂತಲ್ಲಿ ಉಳಿದವಳು ಮಲ್ಲಕ್ಕ ಒಬ್ಬಳೇ, ಅವಳಿಗೆ ಅವತ್ತು ಉಪವಾಸ.

ಕಾಶಪ್ಪ ಆ ಕುದುರೆಯನ್ನು ನೋಡಿದ. ಇದನ್ನು ಓಡಿಸಬೇಕು ಎಂದು ಬಾಗಿಲ ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿ ಕೈಬಿಟ್ಟ. ಕೈ ಗುಂಡಿಯ ಕಡೆ ಹೋಯಿತು. ಆದರೆ ಎದುರಿನ ಕುರ್ಚಿ ಖಾಲಿ ಇತ್ತು. ಮನುಷ್ಯ ಸಂಡಾಸಿನಲ್ಲಿರುವಾಗ ಅವನ ಹೊತ್ತು ಓಡಿಸುವುದು ಸಿಂದಗಿ ಕಡೆಯವರು ಮಾಡುವ ಕೆಲಸವಲ್ಲ. ಬರಲಿ, ಬಂದು ಕೂರಲಿ, ಆಮೇಲೆ ಒತ್ತಿದರಾಯಿತು ಎಂದು ಕೈ ಹಿಂದೆ ತೆಗೆದ. ತೆಗೆದ ಕೈಯ ಕೆಳಗೆ ಕಣ್ಣು ಬಿತ್ತು, ಪ್ಯಾದೆ ಬಿಟ್ಟುಬಂದ ಮನೆಯ ಮೇಲೆ.

ಬಿಲ್ಡಿಂಗಿನ ವಾಚ್‌ಮನ್ ರಸ್ತೆಯ ಗೂಳಿಯನ್ನು ಓಡಿಸಲು ಕೋಲು ಹಿಡಿದು ಆಚೆ ಹೋದರೆ ಗೂಳಿ ಗೇಟಿನಿಂದ ಒಳಗೆ ಬರುತ್ತದೆ. ಇಲ್ಲಿ ಆದದ್ದು ಅದೇ, ಮುಂದೆ ಸರಿದ ಪ್ಯಾದೆ ದೂರದ ಆನೆಯ ದಾರಿಗೂ ಅಡ್ಡ ನಿಂತಿತ್ತು. ಕುದುರೆ ಈಗ ಒಂದೇ ಜಿಗಿತಕ್ಕೆ ಆ ಖಾಲಿ ಮನೆಗೆ ಬಂದು ಕೂತರೆ ರಾಜನಿಗೆ ಶಹ, ಚೆಕ್. ರಾಜ ಸರಿಯಲು ಪಕ್ಕದಲ್ಲಿ ತನ್ನದೇ ಆನೆ, ಮುಂದೆ ತನ್ನದೇ ಪ್ಯಾದೆಗಳು. ತನ್ನ ಮಂದಿಯ ನಡುವೆಯೇ ಉಸಿರುಕಟ್ಟಿ ಸಾಯಬೇಕು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕಾಶಪ್ಪನ ಮಾನ ಹೋಗುವುದು ಒಂದು ಪ್ಯಾದೆಗೆ.

ಆಮೇಲೆ ಅವನಿಗೆ ಗುಂಡಿ ನೆನಪಾಗಲಿಲ್ಲ. ಮೂವತ್ತನಾಲ್ಕು ವರ್ಷ ಗೇಜಿನಿಂದ ಕಣ್ಣು ತೆಗೆಯದವನು ಅವತ್ತು ಗೇಜನ್ನೇ ಮರೆತು ಕುದುರೆಯನ್ನು ನೋಡುತ್ತ ಕೂತ.

ಮೂರ್ತಿಯವರು ಕೈ ಒರೆಸಿಕೊಳ್ಳುತ್ತ ಬಂದರು. ಬ್ಯಾಂಕಿನವರು ಮೊದಲು ನೋಡುವುದು ಗಡಿಯಾರವನ್ನು. ಅದು ಕಾಶಪ್ಪನ ಬದಿಯಲ್ಲಿ ಓಡುತ್ತಿತ್ತು. ಓಹೋ, ಇನ್ನೂ ಯೋಚನೆ ಮಾಡುತ್ತಿದ್ದಾರೆ, ನನ್ನ ಕುದುರೆ ಕೆಲಸ ಮಾಡಿತು ಎಂದು ಒಳಗೊಳಗೇ ಹಿಗ್ಗಿ, ಕೂತು, ಕೈ ಕಟ್ಟಿ, ಡಾಕ್ಟರು ಹೇಳಿದಂತೆ ಕಣ್ಣು ಮುಚ್ಚಿದರು.

ಇವರು ಕಾಯಿ ಎತ್ತುವ ಮೊದಲು ಮನೆದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡ ಕಾಶಪ್ಪ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಮೂರ್ತಿಯವರು ಆಗೀಗ ಒಂದು ಕಣ್ಣು ತೆರೆದು ಗಡಿಯಾರ ನೋಡಿ ಮತ್ತೆ ಮುಚ್ಚುತ್ತಿದ್ದರು. ಕಾಶಪ್ಪ ಐದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡಿ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವರು ತಟ್ಟೆ ಹಿಡಿದಂತೆಯೇ ನಿಂತರು. ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬರು ಇದು ಲೆಕ್ಕ, ಮುಂದಿನ ಮೂವತ್ತು ನಡೆಯನ್ನು ಈಗಲೇ ಬರೆದಿಡುತ್ತಿದ್ದಾರೆ ಎಂದು ಪಕ್ಕದವರ ಕಿವಿಯಲ್ಲಿ ಹೇಳಿದರು. ಪಕ್ಕದವರು ಅದನ್ನು ಐವತ್ತು ನಡೆ ಮಾಡಿ ಮುಂದಕ್ಕೆ ದಾಟಿಸಿದರು. ಸುದ್ದಿ ಮೆಟ್ಟಿಲಿಳಿದು ರಸ್ತೆಗೆ ಹೋಯಿತು. ಕೆಳಗಿನ ಹಿಟ್ಟಿನ ಗಿರಣಿಗೆ ಬಂದವರು ಡಬ್ಬಿ ಹಿಡಿದು ಮೇಲೆ ಬಂದರು. ಬಿಲ್ಡಿಂಗಿನ ವಾಚ್‌ಮನ್ ಸಚಿನ ಬಂದು, "ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಏನಾಯಿತೆಂದು ಕೇಳಿದ. ಯಾರೋ ಕೈಮುಗಿದು ಕಣ್ಣುಮುಚ್ಚಿ ತೋರಿಸಿದರು. ಅವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ.

ಕಾಶಪ್ಪನ ಹಣೆಯ ಬೆವರು ಮೂಗಿನ ತುದಿಗೆ ಬಂದು, ಅಲ್ಲಿಂದ ಅವನ ಆನೆಯ ತಲೆಯ ಮೇಲೆ ಬೀಳುತ್ತಿತ್ತು. ಅದನ್ನು ನೋಡಿ ಚಂದ್ರವ್ವನ ಎದೆ ಹಾರಿತು. ಅವಳು ಎದ್ದಳು, ನಾಲ್ಕು ಮಂದಿ ಸನ್ನೆ ಮಾಡಿ ಕೂರಿಸಿದರು. ಆಗ ಸುಮಿತ್ರಮ್ಮ ತಮ್ಮ ಬಿಲ್ಡಿಂಗಿನ ತನುಶ್ರೀಗೆ ಮೊಬೈಲಿನಲ್ಲಿ ಬರೆದು ಕರೆಸಿದರು. ತನುಶ್ರೀ ಡಾಕ್ಟರು ಹೌದು, ಆದರೆ ಹಲ್ಲಿನ ಡಾಕ್ಟರು. ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಕಾಶಪ್ಪನ ಪಕ್ಕದಲ್ಲಿ ಬಗ್ಗಿ ಪಿಸುದನಿಯಲ್ಲಿ, "ಅಂಕಲ್, ಆಪ್ ಠೀಕ್ ಹೈ? ಎದೆ... ಎದೆಯಲ್ಲಿ ಪೇನ್?" ಎಂದಳು.

ಮೂರ್ತಿಯವರು ಕಣ್ಣು ಬಿಟ್ಟು ಆ ಖಾಲಿ ಮನೆ ಕಂಡಾರೆಂದು ಕಾಶಪ್ಪ ಮಾತಾಡಲಿಲ್ಲ, ಒಂದು ಬೆರಳು ಮೇಲೆತ್ತಿದ. ತಾಳು ಎಂದು ಅವನ ಅರ್ಥ. ಒಂದೇ ನಡೆಗೆ ಮುಗಿಸುತ್ತಾರಂತೆ ಎಂದು ಬಟ್ಟೆ ವ್ಯಾಪಾರಿ ಅರ್ಥ ಹೇಳಿದರು. ಗಿರಣಿಗೆ ಬಂದವರು ಡಬ್ಬಿಯನ್ನು ನೆಲಕ್ಕಿಟ್ಟರು. ತನುಶ್ರೀ ಮುಖ ನೋಡಿ, ಅಂಕಲ್ ಹಲ್ಲು ಬಹಳ ಕಚ್ಚುತ್ತಿದ್ದಾರೆ, ದವಡೆಗೆ ಒಳ್ಳೆಯದಲ್ಲ ಎಂದು ಚಂದ್ರವ್ವನಿಗೆ ಹಿಂದಿಯಲ್ಲಿ ತಿಳಿಸಿದಳು.

ಹನ್ನೊಂದೂ ಐವತ್ತಕ್ಕೆ ಗಡಿಯಾರ ಕೂಗಿತು.

ಅದು ಅಷ್ಟು ಜೋರಾಗಿ ಕೂಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಲ್ಲಕ್ಕನ ಹೂಬತ್ತಿಯೆಲ್ಲ ಚೆಲ್ಲಿತು. ಕೆಳಗಿನಿಂದ ಧನರಾಜ್ ಎರಡೆರಡು ಮೆಟ್ಟಿಲು ಹಾರಿ ಬಂದ. ಗಡಿಯಾರ ನೋಡಿ ಅವನ ಮುಖ ಸಣ್ಣದಾಯಿತು. "ಕಾಶಪ್ಪಣ್ಣ, ನಿಮ್ಮ ಗಂಟೆ ಮುಗೀತಲ್ಲ ಮಾರಾಯ್ರೆ. ನೀವು ಸೋತ್ರಿ" ಎಂದ.

"ನಾ ಹ್ಯಾಂಗ ಸೋತೆ?" ಎಂದ ಕಾಶಪ್ಪ. "ಆಟ ಅವರದೈತಿ. ನಲವತ್ತು ನಿಮಿಷದಿಂದ ಅವರ ಹಾದೀನ ನೋಡಾಕತ್ತೀನಿ."

ಮೂರ್ತಿಯವರು ಎರಡೂ ಕಣ್ಣು ಬಿಟ್ಟರು. "ನನ್ನದಾ? ನಿಮ್ಮದಲ್ವೇ? ನಾನೂ ನಿಮ್ಮ ದಾರೀನೇ ಕಾಯ್ತಾ ಇದ್ದೀನಲ್ಲ ಕಾಶಪ್ಪನವರೇ."

ಕೋಣೆಯಲ್ಲಿ ಎರಡು ಪಕ್ಷವಾಯಿತು. ಮೈಸೂರು ಕಡೆಯವರು ಗಡಿಯಾರವೇ ಪ್ರಮಾಣ ಎಂದರು. ಬಿಜಾಪುರ ಕಡೆಯವರು ಕಾಯಿ ನಡೆಸಿದ ಮೇಲೆ ಗುಂಡಿಯದೇನು ಎಂದರು. ಐವತ್ತು ನಡೆ ಲೆಕ್ಕ ಹಾಕಿದ ಮನುಷ್ಯ ಒಂದು ಗುಂಡಿ ಒತ್ತಲಿಲ್ಲವೇ ಎಂದು ಗಿರಣಿಯವರು ಕೇಳಿದರು. ಕಾಯಿ ನಡೆಸಿದ್ದನ್ನು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಧನರಾಜ್ ಕೇಳಿದ.

"ನಾ ನೋಡೀನಲ್ಲ" ಎಂದಳು ಮಲ್ಲಕ್ಕ, ನೆಲದ ಮೇಲೆ ಬತ್ತಿ ಆರಿಸುತ್ತ. "ಅವರು ಹೊರಗ ಹ್ವಾದಾಗನ ಇವರು ಒಂದು ಸಣ್ಣದನ್ನ ಮುಂದ ಸರಿಸ್ಯಾರ. ಮಾತಾಡಬ್ಯಾಡ ಅಂದಿದ್ಯಪ್ಪಾ ನೀನು. ಅದಕ್ಕ ಸುಮ್ಮನ ಕುಂತೀನಿ."

ಧನರಾಜ್ ತಲೆಯ ಮೇಲೆ ಕೈಯಿಟ್ಟುಕೊಂಡ. ಬರಹದಲ್ಲಿ ಏನಾದರೂ ಇದೆಯೇ ಎಂದು ಕಾಶಪ್ಪನ ಪುಸ್ತಕದ ಕಡೆ ನೋಡಿದ. ಕಾಶಪ್ಪ ಅದನ್ನು ತೊಡೆಯ ಕೆಳಗೆ ಸರಿಸಿಕೊಂಡ. ಅಷ್ಟರಲ್ಲಿ ಚಂದ್ರವ್ವ ಬಂದು ಅದನ್ನು ಮೆಲ್ಲಗೆ ಎಳೆದು ಧನರಾಜನ ಕೈಗೆ ಕೊಟ್ಟಳು. ಅವನು ಗಟ್ಟಿಯಾಗಿ ಓದಿದ.

"೧೧.೦೮. ಮೂರ್ತಿಯವರ ಕುದುರೆ ಎದುರಿಗೆ ಬಂತು. ಮೂರ್ತಿಯವರು ಸಂಡಾಸಿಗೆ.

೧೧.೧೦. ಕುದುರೆ ಓಡಿಸಲು ಪ್ಯಾದೆ ಒಂದು ಮನೆ ಮುಂದೆ. ತಪ್ಪಾಯಿತು. ಕುದುರೆ ಆ ಮನೆಗೆ ಬಂದರೆ ರಾಜ ಸತ್ತ.

೧೧.೧೫. ಮೂರ್ತಿಯವರು ಕಣ್ಣು ಮುಚ್ಚಿದ್ದಾರೆ. ಕುದುರೆ ಬಂದಿಲ್ಲ.

೧೧.೨೦. ಕುದುರೆ ಬಂದಿಲ್ಲ.

೧೧.೨೫. ಉಪ್ಪಿಟ್ಟು ಕೇಳಿದರು, ಬೇಡ ಎಂದೆ. ಕುದುರೆ ಬಂದಿಲ್ಲ."

ಇಲ್ಲಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಧನರಾಜನ ದನಿಯೂ ನಡುಗತೊಡಗಿತು.

"೧೧.೩೦. ಕುದುರೆ ಬಂದಿಲ್ಲ. ಯಾಕೆ ಬಂದಿಲ್ಲ ತಿಳಿಯದು.

೧೧.೩೫. ಮಂದಿ ಹೆಚ್ಚಾದರು. ಕುದುರೆ ಬಂದಿಲ್ಲ.

೧೧.೪೦. ಹಲ್ಲಿನ ಡಾಕ್ಟರು ಬಂದರು. ಕುದುರೆ ಬಂದಿಲ್ಲ."

ಆಮೇಲಿನ ಎರಡು ಸಾಲನ್ನು ಓದಲು ಅವನಿಗೆ ಆಗಲಿಲ್ಲ. ಸುಮಿತ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ವಾಚ್‌ಮನ್ ಸಚಿನ ಏನೆಂದು ತಿಳಿಯದೆಯೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ನಗದವರು ಇಬ್ಬರೇ. ಮೂರ್ತಿಯವರು ನಲವತ್ತು ನಿಮಿಷದ ಮೇಲೆ ಮೊದಲ ಸಲ ಮಣೆಯನ್ನು ನೋಡುತ್ತಿದ್ದರು. ಕಾಶಪ್ಪ ಅವರ ಬೆರಳನ್ನು ನೋಡುತ್ತಿದ್ದ. ಬೆರಳು ಕುದುರೆಯ ಮೇಲೆ ಹೋಗಿ ನಿಂತಿತು. ಗಡಿಯಾರದಲ್ಲಿ ಸೋತದ್ದು ಸಾಲದೆಂದು ಮಣೆಯ ಮೇಲೂ ಸೋಲುವುದು ಬಂತಲ್ಲ ಎಂದು ಕಾಶಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿಗೆ ಒಂದು ಎಕ್ಸ್‌ರೇ ಕಂಡಿತು, ಎಡಗಾಲಿನದು.

"ಧನರಾಜ್," ಎಂದರು ಮೂರ್ತಿಯವರು, "ಗಡಿಯಾರ ನೋಡಿದವನು ನಾನು, ಬೋರ್ಡ್ ನೋಡಲಿಲ್ಲ. ಬೋರ್ಡ್ ನೋಡಿದವರು ಇವರು, ಗಡಿಯಾರ ನೋಡಲಿಲ್ಲ. ನಾವಿಬ್ಬರೂ ಸೇರಿದರೆ ಒಬ್ಬ ಆಟಗಾರ ಆಗ್ತೀವಿ. ಒಬ್ಬನೇ ಆಡಿದ ಮೇಲೆ ಗೆದ್ದೋರು ಯಾರು, ಸೋತೋರು ಯಾರು? ಡ್ರಾ ಅಂತ ಬರ್ಕೊಳ್ಳಿ."

ಬೆರಳು ಕುದುರೆಯನ್ನು ಬಿಟ್ಟು ಕೈಯಾಗಿ ಮೇಜಿನ ಈಚೆ ಬಂತು. ಕಾಶಪ್ಪ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಧನರಾಜ್ ಹೋದ ಜೀವ ಬಂದವನಂತೆ ಡ್ರಾ ಎಂದು ಸಾರಿದ. ಮಂದಿ ಚಪ್ಪಾಳೆ ತಟ್ಟುವ ಗದ್ದಲದಲ್ಲಿ ಮೂರ್ತಿಯವರು ಮುಂದಕ್ಕೆ ಬಗ್ಗಿ, ಹಿಂದಿನ ಸಾಲಿಗೆ ಕೇಳದಂತೆ, "ನೀವು ಸಾಂತಾಕ್ರೂಜಿಗೆ ಹೋಗಿ ಕೂತರೆ ನಾನು ಯಾರ ಮೇಲೆ ರೀ ಗೆಲ್ಲಲಿ?" ಎಂದರು.

ಮನೆಯ ದಾರಿಯಲ್ಲಿ ಕಾಶಪ್ಪ ಹಗುರಾಗಿ ನಡೆದ. ಉಪ್ಪಿಟ್ಟು ತಿನ್ನಲಿಲ್ಲವಲ್ಲ ಎಂಬುದು ಆಗ ನೆನಪಾಗಿ ಹೊಟ್ಟೆ ಹಸಿಯಿತು. ಮೆಟ್ಟಿಲು ಹತ್ತಿ ಚಪ್ಪಲಿ ಬಿಡುವಾಗ ಚಂದ್ರವ್ವ ಎಂದಿನಂತೆ, "ಏನಾತು?" ಎಂದಳು. ಎಲ್ಲವನ್ನೂ ಕೂತು ನೋಡಿ ಬಂದವಳು ಕೇಳಿದ ಆ ಮಾತಿಗೆ ಅವನು, "ಸೋಲಲಿಲ್ಲ" ಎಂದ. ಹನ್ನೊಂದು ವರ್ಷದಲ್ಲಿ ಹೊಸಿಲ ಮೇಲೆ ನಿಂತು ಹೇಳಿದ ಬಹುಪಾಲು ಮಾತುಗಳಿಗಿಂತ ಇದು ನಿಜವಾದದ್ದು.

"ಆ ಟ್ರಂಕಿನ ಧೂಳ ಯಾರ ಹೊಡೀತಾರ ಅಂತ ತಿಳದೀರಿ?" ಎಂದಳು ಚಂದ್ರವ್ವ. "ವಾರಾ ವಾರಾ ಓದ್ತೀನಿ. ಬಾಯಾಗ ಗೆದ್ದೆ, ಪುಸ್ತಕದಾಗ ಸೋತೆ."

ಕಾಶಪ್ಪ ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಿಡಿದು ನಿಂತ. "ಮತ್ತ ಬದನಿಕಾಯಿ ಯಾಕ ಮಾಡಿದಿ?" ಎಂದು ಕೇಳಿದ.

"ನನಗ ಸೇರ್ತೈತಿ" ಎಂದು ಅವಳು ಒಳಗೆ ಹೋದಳು. ಬೆಳಿಗ್ಗೆಯೇ ಮಾಡಿಟ್ಟಿದ್ದ ಎಣ್ಣೆಗಾಯಿಯನ್ನು ಒಲೆಯ ಮೇಲೆ ಬಿಸಿಗಿಟ್ಟು ಅಲ್ಲಿಂದಲೇ ತೀರ್ಪು ಹೇಳಿದಳು. ಮಾತು ಎಂದರೆ ಮಾತು, ಸೋಲಲಿಲ್ಲ, ಐತವಾರ ಆಡಲಿ. ಸಾಂತಾಕ್ರೂಜಿಗೆ ಶನಿವಾರ ಹೋಗೋಣ. ಶ್ರೀಶೈಲನಿಗೆ ಆಗಲೇ ಫೋನ್ ಮಾಡಿ ಹೇಳಿಯಾಗಿದೆ, ಅವರು ಎಕ್ಸ್‌ರೇ ತೆಗೆದಿಟ್ಟಿರುತ್ತಾರಂತೆ.

ಕಾಶಪ್ಪ ಕೈಕಾಲು ತೊಳೆದು, ತಟ್ಟೆ ಬರುವ ಮೊದಲು ಪುಸ್ತಕ ತೆರೆದು ಅವತ್ತಿನ ಕೊನೆಯ ಸಾಲು ಬರೆದ.

"೧.೧೫. ಮನೆ ಮುಟ್ಟಿದೆ. ಕುದುರೆ ಬರಲಿಲ್ಲ. ಶನಿವಾರ ಬಂತು."